ಮೂಟೆ ಕಟ್ಟುವವರು ಚೀಟಿಯನ್ನೂ ಅಂಟಿಸಲಿ

ನನ್ನ ತಮ್ಮ ಐದನೇ ತರಗತಿಯಲ್ಲಿ ಓದುತ್ತಾನೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಶಾಲೆಯಲ್ಲಿ ಅವನಿಗೆ ಕನ್ನಡ ಎರಡನೇ ಭಾಷೆ. ಪ್ರತಿ ಪರೀಕ್ಷೆಯಲ್ಲೂ ಅವನಿಗೆ ಅತಿ ಕಡಿಮೆ ಅಂಕ ಬರುವುದು ಕನ್ನಡದಲ್ಲೇ. ಅಕ್ಷರ ಬರುತ್ತದೆ, ಓದುವ ಮನಸ್ಸು ಮಾತ್ರ ಬರುವುದಿಲ್ಲ. ಕಳೆದ ರಜೆಯಲ್ಲಿ ಅವನು ಮೈನ್‌ಕ್ರಾಫ್ಟ್ ಆಡುತ್ತಾ ಭಾಷೆಗಳ ಪಟ್ಟಿ ತೆರೆದ. ಅದರಲ್ಲಿ ಕೆಳಗೆ ಇಳಿಯುತ್ತಾ ಹೋದಾಗ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದಿರುವುದು ಕಂಡಿತು. ತಮಾಷೆಗೆ ಒತ್ತಿದ. ಪರದೆಯೆಲ್ಲ ಕನ್ನಡವಾಯಿತು. ವಾಪಸ್ ಇಂಗ್ಲಿಷಿಗೆ ಹೋಗುತ್ತಾನೆ ಅಂದುಕೊಂಡಿದ್ದೆ, ಹೋಗಲಿಲ್ಲ. ಯಾವ ಬಟನ್ ಒತ್ತಬೇಕು ಎಂದು ತಿಳಿಯಲು ಓದಲೇಬೇಕಲ್ಲ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ. ಎರಡು ವಾರ ಕಳೆದ ಮೇಲೆ ನನ್ನ ಹತ್ತಿರ ಬಂದು, “ಆಪಾ, ಈ ಆಟದಲ್ಲಿರುವ ಕನ್ನಡ ಪದಗಳನ್ನೆಲ್ಲ ನೋಟ್‌ಬುಕ್ಕಿಗೆ ಬರೆದುಕೊಡು” ಎಂದ.

ಕನ್ನಡ ಪುಸ್ತಕ ಕಂಡರೆ ಓಡುವ ಹುಡುಗ ಪದಗಳ ಪಟ್ಟಿ ಕೇಳುತ್ತಿದ್ದಾನೆ! ಹತ್ತು ನಿಮಿಷದಲ್ಲಿ ಮಾಡಿಕೊಡುತ್ತೇನೆ ಎಂದೆ. ಆಟ ನಮ್ಮ ಕಂಪ್ಯೂಟರಿನಲ್ಲೇ ಇದೆ, ಕನ್ನಡ ಪದಗಳೂ ಅದರೊಳಗೇ ಇರಬೇಕು, ಆ ಫೈಲ್ ಹುಡುಕಿ ತೆರೆದರೆ ಮುಗಿಯಿತು ಎಂಬುದು ನನ್ನ ಲೆಕ್ಕ. ಆದರೆ ಅದಕ್ಕೆ ಮೂರು ಸಂಜೆ ಹಿಡಿಯಿತು. ಆ ಮೂರು ಸಂಜೆಗಳಲ್ಲಿ ಏನಾಯಿತು, ಅದರಿಂದ ನನಗೆ ಯಾವ ಅಭಿಪ್ರಾಯ ಮೂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಟ ಆಡದವರೂ ಓದಬಹುದು. ಇದು ಆಟಕ್ಕಿಂತ ಹೆಚ್ಚಾಗಿ ಹುಡುಕುವುದರ ವಿಷಯ.

ಮೊದಲು ಒಂದು ಪ್ರಶ್ನೆ. ಆಟದ ಫೋಲ್ಡರ್ ತೆರೆದರೆ ಚಿತ್ರ, ಶಬ್ದ, ಮಾತು ಎಲ್ಲ ಬಿಡಿಬಿಡಿಯಾಗಿ ಏಕೆ ಕಾಣುವುದಿಲ್ಲ? ಒಂದು ಆಟದಲ್ಲಿ ಸಾವಿರಾರು ಸಣ್ಣ ಫೈಲ್‌ಗಳಿರುತ್ತವೆ. ಒಂದೊಂದನ್ನೂ ಬೇರೆಬೇರೆಯಾಗಿ ತೆರೆದು ಮುಚ್ಚುವುದು ಕಂಪ್ಯೂಟರಿಗೆ ನಿಧಾನದ ಕೆಲಸ. ಆದ್ದರಿಂದ ಆಟ ಮಾಡುವವರು ಎಲ್ಲವನ್ನೂ ಒಂದು ದೊಡ್ಡ ಫೈಲಿನಲ್ಲಿ ಒಟ್ಟಾಗಿ ಕಟ್ಟಿಡುತ್ತಾರೆ. ಇದನ್ನು ಆರ್ಕೈವ್ ಎನ್ನುತ್ತಾರೆ. ನಾನು ಈ ಲೇಖನದಲ್ಲಿ ಮೂಟೆ ಎನ್ನುತ್ತೇನೆ.

ಈ ಪದ್ಧತಿ ಹೊಸದಲ್ಲ. 1993ರಲ್ಲಿ ಬಂದ ಡೂಮ್ ಎಂಬ ಆಟದ ಮೂಟೆಗೆ ವ್ಯಾಡ್ ಎಂದು ಹೆಸರು. ಅದರ ಮೊದಲ 12 ಬೈಟ್‌ಗಳಲ್ಲಿ ಮೂರು ವಿಷಯಗಳಿವೆ: ಇದು ಯಾವ ಜಾತಿಯ ಮೂಟೆ ಎಂದು ತಿಳಿಸುವ ನಾಲ್ಕು ಅಕ್ಷರ, ಒಳಗೆ ಎಷ್ಟು ವಸ್ತುಗಳಿವೆ ಎಂಬ ಸಂಖ್ಯೆ, ಮತ್ತು ಅವುಗಳ ಸೂಚಿ ಎಲ್ಲಿ ಶುರುವಾಗುತ್ತದೆ ಎಂಬ ಸಂಖ್ಯೆ. ಸೂಚಿಯಲ್ಲಿ ಪ್ರತಿ ವಸ್ತುವಿಗೆ 16 ಬೈಟ್: ಎಲ್ಲಿದೆ ಎಂಬುದಕ್ಕೆ 4, ಎಷ್ಟು ದೊಡ್ಡದು ಎಂಬುದಕ್ಕೆ 4, ಹೆಸರಿಗೆ 8. ಇಷ್ಟೇ. ಇಷ್ಟು ತಿಳಿದವರು ಆ ಮೂಟೆಯಿಂದ ಬೇಕಾದ ವಸ್ತುವನ್ನು ನೇರವಾಗಿ ತೆಗೆಯಬಹುದು. 1996ರ ಕ್ವೇಕ್ ಆಟದ ಪ್ಯಾಕ್ ಫೈಲ್ ಕೂಡ ಇದೇ ರೀತಿಯದು. ಅದರ ಸೂಚಿಯಲ್ಲಿ ಹೆಸರಿಗೆ 8 ಅಲ್ಲ, 56 ಬೈಟ್ ಜಾಗ ಕೊಟ್ಟರು, ಹಾಗಾಗಿ ಫೋಲ್ಡರಿನ ದಾರಿಯನ್ನೂ ಬರೆಯಬಹುದು. 1999ರ ಕ್ವೇಕ್ 3 ಆಟದಲ್ಲಿ ಇನ್ನೂ ಸುಲಭ ಮಾಡಿದರು. ಅದರ ಪಿಕೆ3 ಫೈಲ್ ಅಂದರೆ ನಾವು ದಿನಾ ಬಳಸುವ ಜಿಪ್ ಫೈಲೇ, ಹೆಸರಿನ ಬಾಲ ಮಾತ್ರ ಬೇರೆ.

ಜಿಪ್ ಫೈಲಿನ ಸೂಚಿ ಮುಂದೆ ಇರುವುದಿಲ್ಲ, ಕೊನೆಯಲ್ಲಿ ಇರುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಪರಿವಿಡಿ ಮುಂದಿರುತ್ತದೆ, ಕೆಲವು ದೊಡ್ಡ ಪುಸ್ತಕಗಳಲ್ಲಿ ಪದಸೂಚಿ ಹಿಂದಿರುತ್ತದೆ. ಎಲ್ಲಿದ್ದರೂ ಇದ್ದರೆ ಸಾಕು. ಜಿಪ್ ಫೈಲಿನ ಮೊದಲ ಎರಡು ಅಕ್ಷರ ‘ಪಿಕೆ’. ಅದು 1989ರಲ್ಲಿ ಈ ವಿಧಾನವನ್ನು ಹೊರತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಇಂದಿಗೂ ಪ್ರಪಂಚದ ಪ್ರತಿ ಜಿಪ್ ಫೈಲಿನ ಮೇಲೆ ಆ ಸಹಿ ಇದೆ.

ಕಾಮರ್ಸ್ ಓದುವವರಿಗೆ ಇದು ಪರಿಚಯದ ವಿಷಯವೇ. ನಾವು ಜರ್ನಲ್ ಬರೆಯುವಾಗ ದಿನಾಂಕ, ವಿವರ ಆದ ಮೇಲೆ ‘ಎಲ್.ಎಫ್.’ ಎಂಬ ಸಣ್ಣ ಕಾಲಂ ಇರುತ್ತದೆ. ಲೆಡ್ಜರ್ ಫೋಲಿಯೊ, ಅಂದರೆ ಈ ನಮೂದು ಲೆಡ್ಜರಿನ ಯಾವ ಪುಟದಲ್ಲಿದೆ ಎಂಬ ಸಂಖ್ಯೆ. ನಾವೆಲ್ಲ ಆ ಕಾಲಂ ಗೀಟು ಹಾಕುತ್ತೇವೆ, ಖಾಲಿ ಬಿಡುತ್ತೇವೆ. ಪರೀಕ್ಷೆಯಲ್ಲಿ ಲೆಡ್ಜರೇ ಇರುವುದಿಲ್ಲವಾದ್ದರಿಂದ ಖಾಲಿ ಬಿಟ್ಟರೂ ನಡೆಯುತ್ತದೆ. ಆದರೆ ನಿಜವಾದ ಅಂಗಡಿಯ ಲೆಕ್ಕದಲ್ಲಿ ಆ ಕಾಲಂ ಖಾಲಿ ಇದ್ದರೆ ಒಂದು ಗ್ರಾಹಕರ ಬಾಕಿ ಹುಡುಕಲು ಇಡೀ ಪುಸ್ತಕ ತಿರುವಬೇಕು. ಡೂಮ್ ಆಟದ ಆ 16 ಬೈಟ್‌ಗಳು ಮಾಡುವುದೂ ಇದೇ ಕೆಲಸ. ಒಂದು ವರ್ಷ ಆ ಕಾಲಂ ಏಕಿದೆ ಎಂದು ಕೇಳದೆ ಗೀಟು ಹಾಕಿದ ನನಗೆ ಅದರ ಉಪಯೋಗ ಅರ್ಥವಾಗಿದ್ದು ತಮ್ಮನ ಆಟದಿಂದ.

ಈಗ ನನ್ನ ಮೂರು ಸಂಜೆಗಳ ಕತೆಗೆ ಬರುತ್ತೇನೆ. ಮೊದಲ ಸಂಜೆ ನಾನು ಆಟದ ಮುಖ್ಯ ಫೈಲ್ ತೆರೆದೆ. ಅದರ ಬಾಲ ‘ಜಾರ್’ ಎಂದಿದ್ದರೂ ಅದೂ ಒಂದು ಜಿಪ್. ಒಳಗೆ ಭಾಷೆಯ ಫೋಲ್ಡರ್ ಇತ್ತು. ಖುಷಿಯಿಂದ ತೆರೆದರೆ ಅಮೆರಿಕದ ಇಂಗ್ಲಿಷಿನ ಒಂದೇ ಫೈಲ್. ಕನ್ನಡ ಇಲ್ಲ. ಪರದೆಯ ಮೇಲೆ ಕನ್ನಡ ಕಾಣುತ್ತಿದೆ, ಮೂಟೆಯಲ್ಲಿ ಇಲ್ಲ. ವಿಂಡೋಸಿನ ಹುಡುಕು ಪೆಟ್ಟಿಗೆಯಲ್ಲಿ ‘ಕನ್ನಡ’ ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹಾಕಿದೆ. ಏನೂ ಬರಲಿಲ್ಲ.

ಎರಡನೇ ಸಂಜೆ ‘ಅಸೆಟ್ಸ್’ ಎಂಬ ಫೋಲ್ಡರಿನ ಒಳಗೆ ‘ಆಬ್ಜೆಕ್ಟ್ಸ್’ ಎಂಬ ಇನ್ನೊಂದು ಫೋಲ್ಡರ್ ಕಂಡಿತು. ಅದರೊಳಗೆ ಎರಡೆರಡು ಅಕ್ಷರದ ಹೆಸರಿರುವ 256 ಫೋಲ್ಡರ್. ಒಂದೊಂದರಲ್ಲೂ ಹತ್ತಾರು ಫೈಲ್. ಪ್ರತಿ ಫೈಲಿನ ಹೆಸರು 40 ಅಕ್ಷರ ಉದ್ದ, ಅಂಕಿ ಅಕ್ಷರ ಕಲೆಸಿದ ಹಾಗೆ, ಅರ್ಥವೇ ಇಲ್ಲ. ಬಾಲವೂ ಇಲ್ಲ. ಯಾವುದು ಹಾಡು, ಯಾವುದು ಮಾತು, ಗೊತ್ತಾಗುವುದಿಲ್ಲ. ನಾನು ಒಂದೊಂದನ್ನೇ ನೋಟ್‌ಪ್ಯಾಡಿನಲ್ಲಿ ತೆರೆಯಲು ಶುರು ಮಾಡಿದೆ. ಮಗ್ರಿಬ್ ಆದ ಮೇಲೆ ಕುಳಿತವಳು ಊಟಕ್ಕೆ ಅಮ್ಮಿ ಮೂರು ಸಲ ಕರೆಯುವವರೆಗೂ ತೆರೆಯುತ್ತಲೇ ಇದ್ದೆ. ಹೆಚ್ಚಿನವು ಶಬ್ದದ ಫೈಲ್‌ಗಳು, ತೆರೆದರೆ ಕಸದ ಅಕ್ಷರ. ಕೆಲವು ಭಾಷೆಗಳು ಸಿಕ್ಕವು, ನನಗೆ ಗುರುತು ಸಿಗದ ಲಿಪಿಗಳು. ಕನ್ನಡ ಸಿಗಲಿಲ್ಲ. ತಮ್ಮ ಪಕ್ಕದಲ್ಲಿ ಪೆನ್ಸಿಲ್ ಕೆತ್ತಿಕೊಂಡು ಕುಳಿತಿದ್ದವನು ಹಾಗೇ ನಿದ್ದೆ ಹೋದ.

ಮೂರನೇ ಸಂಜೆ ಚಿಕ್ಕಪ್ಪ ಮನೆಗೆ ಬಂದಿದ್ದರು. ಅವರು ಯಶವಂತಪುರದ ಎಪಿಎಂಸಿ ಯಾರ್ಡಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕಂಪ್ಯೂಟರಿನ ಬಗ್ಗೆ ಅವರಿಗೆ ಹೆಚ್ಚು ಗೊತ್ತಿಲ್ಲ. ನಾನು ಮಾಡುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು: “ಈರುಳ್ಳಿ ಮೂಟೆಗಳು ನೂರಾರು ಬಂದಿರುತ್ತವೆ, ಎಲ್ಲ ಒಂದೇ ಥರ ಕಾಣುತ್ತವೆ. ಯಾರ ಮಾಲು ಯಾವುದು ಅಂತ ನಾವು ಮೂಟೆ ಬಿಚ್ಚಿ ನೋಡುತ್ತೇವಾ? ಚೀಟಿ ನೋಡುತ್ತೇವೆ. ನಿನ್ನ ಮೂಟೆಗಳ ಚೀಟಿ ಎಲ್ಲಿ?” ನಾನು ಚೀಟಿಯನ್ನು ಹುಡುಕಿಯೇ ಇರಲಿಲ್ಲ. ‘ಆಬ್ಜೆಕ್ಟ್ಸ್’ ಫೋಲ್ಡರಿನ ಪಕ್ಕದಲ್ಲೇ ‘ಇಂಡೆಕ್ಸಸ್’ ಎಂಬ ಫೋಲ್ಡರ್ ಎರಡು ದಿನದಿಂದ ನನ್ನನ್ನು ನೋಡುತ್ತಾ ಕುಳಿತಿತ್ತು.

ಅದರೊಳಗೆ ಒಂದು ಜೇಸನ್ ಫೈಲ್. ಅದು ಸಾಮಾನ್ಯ ಅಕ್ಷರದ ಫೈಲ್, ನೋಟ್‌ಪ್ಯಾಡಿನಲ್ಲೇ ಓದಬಹುದು. ಪ್ರತಿ ವಸ್ತುವಿನ ನಿಜವಾದ ಹೆಸರು, ಅದರ ಮುಂದೆ ಆ 40 ಅಕ್ಷರದ ಹೆಸರು, ಅದರ ಗಾತ್ರ. ಕನ್ನಡದ ಗುರುತು ‘ಕೆಎನ್_ಐಎನ್’, ಅಂದರೆ ಕನ್ನಡ, ಇಂಡಿಯಾ. ಅದನ್ನು ಹುಡುಕಿದೆ. ಸಿಕ್ಕಿತು. ಮುಂದಿದ್ದ 40 ಅಕ್ಷರಗಳಲ್ಲಿ ಮೊದಲ ಎರಡು ಅಕ್ಷರವೇ ಫೋಲ್ಡರಿನ ಹೆಸರು. ಆ ಫೋಲ್ಡರಿಗೆ ಹೋದೆ, ಫೈಲ್ ತೆರೆದೆ. ಎಡಗಡೆ ಇಂಗ್ಲಿಷಿನ ಕೀಲಿಪದ, ಬಲಗಡೆ ಕನ್ನಡ. ಸಾಲು ಸಾಲು ಕನ್ನಡ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಆ 40 ಅಕ್ಷರದ ಹೆಸರಿಗೂ ಕಾರಣ ಇದೆ ಎಂದು ಆಮೇಲೆ ತಿಳಿದುಕೊಂಡೆ. ಅದು ಫೈಲಿನ ಒಳಗಿರುವುದರಿಂದಲೇ ಲೆಕ್ಕ ಹಾಕಿ ತೆಗೆದ ಬೆರಳಚ್ಚು. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಒಂದು ಅಕ್ಷರ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಹೀಗಾಗಿ ಫೈಲ್ ಇಳಿಸಿಕೊಳ್ಳುವಾಗ ಕೆಟ್ಟಿದೆಯೇ ಎಂದು ಆಟವೇ ಪರೀಕ್ಷಿಸಬಹುದು, ಮತ್ತು ಆಟದ ಹತ್ತು ಆವೃತ್ತಿಗಳಲ್ಲಿ ಬದಲಾಗದ ಫೈಲನ್ನು ಒಂದೇ ಸಲ ಇಟ್ಟರೆ ಸಾಕು. ಬುದ್ಧಿವಂತ ವ್ಯವಸ್ಥೆಯೇ. ಓದಬಲ್ಲ ಸೂಚಿ ಪಕ್ಕದಲ್ಲಿ ಇರುವುದರಿಂದ ಇದು ನನ್ನಂಥವರಿಗೂ ಒಗ್ಗುತ್ತದೆ. ಮೂರು ಸಂಜೆ ಹೋಗಿದ್ದು ನನ್ನ ತಪ್ಪಿನಿಂದ. ಆದರೆ ಒಂದು ಯೋಚನೆ ಬಂತು: ಆ ಇಂಡೆಕ್ಸ್ ಫೈಲ್ ಇಲ್ಲದೇ ಹೋಗಿದ್ದರೆ?

ಆಗಲೂ ಒಂದು ದಾರಿ ಇದೆ, ಕಷ್ಟದ ದಾರಿ. ಕಂಪ್ಯೂಟರಿನೊಳಗೆ ಕನ್ನಡದ ಪ್ರತಿ ಅಕ್ಷರವೂ ಯೂನಿಕೋಡ್ ಪದ್ಧತಿಯಲ್ಲಿ ಒಂದು ಸಂಖ್ಯೆ. ಈಗ ಹೆಚ್ಚಾಗಿ ಬಳಸುವ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ತೆಲುಗಿಗೆ ಎರಡನೆಯ ಬೈಟ್ 176 ಅಥವಾ 177, ಮಲಯಾಳಂಗೆ 180 ಅಥವಾ 181. ಭೂಪಟದ ಹಾಗೆ ಇಲ್ಲೂ ಕನ್ನಡದ ನೆರೆಹೊರೆಯಲ್ಲಿ ಅವರೇ. ಉರ್ದು ಅಕ್ಷರಕ್ಕೆ ಸಾಮಾನ್ಯವಾಗಿ ಎರಡೇ ಬೈಟ್, ಮೊದಲನೆಯದು 216ರಿಂದ 219ರೊಳಗೆ. ಆದ್ದರಿಂದ ಹೆಸರೇ ಇಲ್ಲದ ಮೂಟೆಯಲ್ಲೂ 224, 178 ಎಂಬ ಜೋಡಿ ಮತ್ತೆ ಮತ್ತೆ ಎಲ್ಲಿ ಬರುತ್ತದೆ ಎಂದು ನೋಡಿದರೆ ಅಲ್ಲಿ ಕನ್ನಡ ಇರುವ ಸಂಭವ ಹೆಚ್ಚು. ಆದರೆ ಮೂಟೆಯನ್ನು ಒತ್ತಿ ಚಿಕ್ಕದು ಮಾಡಿದ್ದರೆ, ಅಂದರೆ ಕಂಪ್ರೆಸ್ ಮಾಡಿದ್ದರೆ, ಈ ಉಪಾಯ ನಡೆಯುವುದಿಲ್ಲ. ಬಿಚ್ಚಿದ ಮೇಲಷ್ಟೇ ಆ ಬೈಟ್‌ಗಳು ಕಾಣುತ್ತವೆ.

ಕನ್ನಡಕ್ಕೆ ಇನ್ನೂ ಎರಡು ತೊಡಕುಗಳಿವೆ. ‘ಬ್ಲಾಕ್‌ಗಳು’ ಎಂದು ಬರೆಯುವಾಗ ‘ಕ್’ ಮತ್ತು ‘ಗ’ ಒತ್ತಕ್ಷರವಾಗಿ ಕೂಡಿಕೊಳ್ಳದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಫೈಲಿನಲ್ಲಿ ಅದು ಇದ್ದು, ನೀವು ಹುಡುಕುವ ಪದದಲ್ಲಿ ಇಲ್ಲದಿದ್ದರೆ ಕೆಲವು ಸಾಫ್ಟ್‌ವೇರ್‌ಗಳು ‘ಸಿಗಲಿಲ್ಲ’ ಎನ್ನುತ್ತವೆ. ಹಾಗೆಯೇ ‘ಕೊ’ ಎಂಬುದರ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಇಂಗ್ಲಿಷಿನಲ್ಲಿ ಹುಡುಕುವವರಿಗೆ ಸಾಮಾನ್ಯವಾಗಿ ಈ ಕಷ್ಟ ಇಲ್ಲ. ಅದಕ್ಕೇ ನಾನು ಹೇಳುವುದು, ಒಳಗಿರುವ ಮಾತನ್ನು ನಂಬಿ ಹುಡುಕುವುದಕ್ಕಿಂತ ಸರಿಯಾದ ಹೆಸರಿನ ಸೂಚಿ ಇರುವುದು ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಅಗತ್ಯ.

ಎಲ್ಲ ಆಟಗಳಲ್ಲೂ ಸೂಚಿ ಓದಲು ಸಿಗುವುದಿಲ್ಲ. ನಮ್ಮ ತರಗತಿಯ ಹುಡುಗರು ಆಡುವ ಯೂರೋ ಟ್ರಕ್ ಸಿಮ್ಯುಲೇಟರ್ 2 ಒಂದು ಒಳ್ಳೆಯ ಉದಾಹರಣೆ. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ತಂದ ಆಟ ಅದು. ಅದರಲ್ಲಿ ನಮ್ಮವರು ಕೆಎಸ್‌ಆರ್‌ಟಿಸಿಯ ಐರಾವತ ಬಸ್ಸಿನ ಬಣ್ಣ ಹಚ್ಚಿ ಯೂರೋಪಿನ ರಸ್ತೆಯಲ್ಲಿ ಓಡಿಸುತ್ತಾರೆ. ಆ ಆಟದ ಮೂಟೆಯ ಸೂಚಿಯಲ್ಲಿ ಫೈಲಿನ ಹೆಸರಿನ ಜಾಗದಲ್ಲಿ ಆ ಹೆಸರಿನಿಂದ ಲೆಕ್ಕ ಹಾಕಿದ 64 ಬಿಟ್‌ನ ಒಂದು ಸಂಖ್ಯೆ ಮಾತ್ರ ಇರುತ್ತದೆ. ಹೆಸರು ಗೊತ್ತಿದ್ದರೆ ಸಂಖ್ಯೆ ತೆಗೆಯಬಹುದು. ಸಂಖ್ಯೆಯಿಂದ ಹೆಸರು ತೆಗೆಯಲು ಬರುವುದಿಲ್ಲ. ಆಟಕ್ಕೆ ಇದು ವೇಗ, ಏಕೆಂದರೆ ಉದ್ದ ಹೆಸರು ಹೋಲಿಸುವುದಕ್ಕಿಂತ ಸಂಖ್ಯೆ ಹೋಲಿಸುವುದು ಬೇಗ. ಆದರೆ ಮೂಟೆಯೊಳಗೇ ಫೋಲ್ಡರ್‌ಗಳ ಪಟ್ಟಿಗಳನ್ನೂ ಇಡುವ ವ್ಯವಸ್ಥೆ ಇದೆ, ಅವುಗಳಿಂದ ಹೆಸರುಗಳು ಸಿಗುತ್ತವೆ. ಜೊತೆಗೆ ಮೂಟೆ ಬಿಚ್ಚುವ ಸಾಧನವನ್ನು ಕಂಪನಿಯೇ ಉಚಿತವಾಗಿ ಕೊಟ್ಟಿದೆ. ಅದರಿಂದಾಗಿಯೇ ಹೊಸ ಬಸ್ಸು, ಹೊಸ ರಸ್ತೆ ಮಾಡುವ ದೊಡ್ಡ ಬಳಗ ಬೆಳೆದಿದೆ. ಯಾರಾದರೂ ಆ ಪಟ್ಟಿಯನ್ನು ತೆಗೆದುಹಾಕಿ ಮೂಟೆ ಕಟ್ಟಿದರೆ ಮಾತ್ರ, ವಸ್ತುಗಳೆಲ್ಲ ಒಳಗೇ ಇದ್ದರೂ ಹೆಸರು ಗೊತ್ತಿಲ್ಲದವರಿಗೆ ಸಿಗುವುದಿಲ್ಲ.

ಇಲ್ಲಿಂದ ನನ್ನ ಅಭಿಪ್ರಾಯ. ಆಟವನ್ನು ಹೇಗೆ ಬೇಕಾದರೂ ಕಟ್ಟಲಿ, ಅದು ಮಾಡುವವರ ಹಕ್ಕು. ಆದರೆ ಆಟವನ್ನು ಮಾರುವಾಗ ಅದರ ಮೂಟೆಗಳಲ್ಲಿ ಏನೇನಿದೆ ಎಂಬ ಹೆಸರುಗಳ ಪಟ್ಟಿಯನ್ನು ಮನುಷ್ಯರು ಓದುವಂತೆ ಜೊತೆಗೆ ಕೊಡಬೇಕು. ಕನಿಷ್ಠ ಪಕ್ಷ ಭಾಷೆಯ ಫೈಲ್‌ಗಳನ್ನಾದರೂ ಹೆಸರಿಟ್ಟು ಹೊರಗಿಡಬೇಕು.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಜಾಗ ಮತ್ತು ವೇಗ. ಒಂದು ಆಟದಲ್ಲಿ 50,000 ಫೈಲ್ ಇವೆ, ಒಂದೊಂದರ ಹೆಸರಿಗೆ ಸರಾಸರಿ 60 ಬೈಟ್ ಎಂದು ಲೆಕ್ಕ ಹಾಕೋಣ. ಒಟ್ಟು 30 ಲಕ್ಷ ಬೈಟ್, ಅಂದರೆ ಸುಮಾರು 3 ಎಂಬಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊದಷ್ಟು. 20 ಜಿಬಿಯ ಆಟದಲ್ಲಿ ಇದು ಶೇಕಡಾ 0.015. ಆಟ ಓಡುವಾಗ ಈ ಪಟ್ಟಿಯನ್ನು ತೆರೆಯಲೇಬೇಕಾಗಿಲ್ಲ, ಆದ್ದರಿಂದ ವೇಗಕ್ಕೂ ತೊಂದರೆ ಇಲ್ಲ.

ಎರಡನೆಯದು ಮೋಸ. ಹೆಸರು ಗೊತ್ತಾದರೆ ಗೋಡೆಯ ಚಿತ್ರವನ್ನು ಪಾರದರ್ಶಕ ಮಾಡಿ ಎದುರಾಳಿಯನ್ನು ನೋಡುವವರು ಇರುತ್ತಾರೆ. ಇದು ಸುಳ್ಳು ಭಯವಲ್ಲ. ಆದರೆ ಮೇಲೆ ಹೇಳಿದ ಕ್ವೇಕ್ 3 ಆಟದ ಮೂಟೆ ಯಾರು ಬೇಕಾದರೂ ಬಿಚ್ಚಬಲ್ಲ ಜಿಪ್. ಅದರ ಸರ್ವರಿನಲ್ಲಿ ಒಂದು ವ್ಯವಸ್ಥೆ ಇದೆ: ಆಡಲು ಬಂದವರ ಮೂಟೆಯ ಲೆಕ್ಕ ಸರ್ವರಿನ ಮೂಟೆಯ ಲೆಕ್ಕಕ್ಕೆ ತಾಳೆಯಾಗಬೇಕು, ಇಲ್ಲದಿದ್ದರೆ ಪ್ರವೇಶ ಇಲ್ಲ. ಅಕೌಂಟೆನ್ಸಿಯಲ್ಲಿ ನಾವು ಪುಸ್ತಕವನ್ನು ಬಚ್ಚಿಟ್ಟು ಮೋಸ ತಡೆಯುವುದಿಲ್ಲ, ತೆರೆದಿಟ್ಟು ತಾಳೆ ನೋಡುತ್ತೇವೆ. ಅದೇ ಸರಿಯಾದ ದಾರಿ.

ಮೂರನೆಯದು ಗುಟ್ಟು. ಇನ್ನೂ ಪ್ರಕಟಿಸದ ಪಾತ್ರ, ಕತೆಯ ಕೊನೆ ಇವೆಲ್ಲ ಹೆಸರಿನಿಂದಲೇ ಬಯಲಾಗಬಹುದು. ಇದನ್ನು ನಾನು ಒಪ್ಪುತ್ತೇನೆ. ಅಂಥವನ್ನು ಬಿಟ್ಟು ಉಳಿದ ಪಟ್ಟಿ ಕೊಡಲಿ. ಭಾಷೆಯ ಫೈಲ್ ಯಾರ ಗುಟ್ಟೂ ಅಲ್ಲ, ಅದು ಓದಲೆಂದೇ ಬರೆದದ್ದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎಂದು ಕೇಳಬಹುದು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯಾಗಿರುವವರು ಸುಮಾರು 4.37 ಕೋಟಿ. ಅವರ ಜೊತೆಗೆ ನಮ್ಮ ಮನೆಯಂಥ ಮನೆಗಳಿವೆ. ಒಳಗೆ ಉರ್ದು, ಬಾಗಿಲು ದಾಟಿದರೆ ಕನ್ನಡ. ಇಷ್ಟು ಜನರಿದ್ದರೂ ಬಹುತೇಕ ದೊಡ್ಡ ಆಟಗಳಲ್ಲಿ ಕನ್ನಡ ಇಲ್ಲ. ಮೈನ್‌ಕ್ರಾಫ್ಟಿನಲ್ಲಿ ಕನ್ನಡ ಇರುವುದಕ್ಕೆ ಕಾರಣ ಸ್ವಯಂಸೇವಕರು. ಕ್ರೌಡಿನ್ ಎಂಬ ತಾಣದಲ್ಲಿ ಯಾರೋ ನಮಗೆ ಗೊತ್ತಿಲ್ಲದವರು ಕುಳಿತು ಸಾಲು ಸಾಲಾಗಿ ಅನುವಾದ ಮಾಡಿದ್ದಾರೆ. ಅವರಿಗೆ ಹಣ ಸಿಕ್ಕಿಲ್ಲ. ಅವರಿಂದಾಗಿ ನನ್ನ ತಮ್ಮ ಓದುತ್ತಿದ್ದಾನೆ. ಮಾತುಗಳೆಲ್ಲ ಒಂದು ಕಡೆ, ಹೆಸರಿಟ್ಟ ಒಂದು ಫೈಲಿನಲ್ಲಿ ಇದ್ದರೆ ಮಾತ್ರ ಇಂಥ ಕೆಲಸ ಸಾಧ್ಯ. ಮಾತುಗಳು ಮೂಟೆಯೊಳಗೆ ಎಲ್ಲೆಲ್ಲೋ ಚದುರಿ, ಹೆಸರೂ ಇಲ್ಲದಿದ್ದರೆ, ಮನಸ್ಸಿರುವವರಿಗೂ ಅನುವಾದ ಮಾಡಲು ಆಗುವುದಿಲ್ಲ. ದೊಡ್ಡ ಮಾರುಕಟ್ಟೆಯ ಭಾಷೆಗಳಿಗೆ ಕಂಪನಿಯೇ ದುಡ್ಡು ಕೊಟ್ಟು ಅನುವಾದ ಮಾಡಿಸುತ್ತದೆ. ನಮ್ಮಂಥ ಭಾಷೆಗೆ ತೆರೆದ ಬಾಗಿಲೊಂದೇ ದಾರಿ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮೂಟೆ ತೆರೆದು ನೋಡುವುದು ಬೇರೆ, ಒಳಗಿನದನ್ನು ಹಂಚುವುದು ಬೇರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ, ನ್ಯಾಯವಾಗಿ ಪಡೆದ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸಿ ಅಭ್ಯಾಸ ಮಾಡಲು ಅವಕಾಶವಿದೆ. ಅದೇ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ಬೀಗ ಒಡೆಯುವುದನ್ನು ಅಪರಾಧ ಎನ್ನುತ್ತದೆ. ನಾನು ವಕೀಲೆಯಲ್ಲ, ಆದರೆ ಗೆರೆ ಎಲ್ಲಿದೆ ಎಂದು ಅರ್ಥವಾಗುತ್ತದೆ. ಇನ್ನೊಬ್ಬರು ಕಷ್ಟಪಟ್ಟು ಮಾಡಿದ ಚಿತ್ರ, ಸಂಗೀತ ನಮ್ಮ ಕೈಯಲ್ಲಿರುವ ಅಮಾನತ್. ನೋಡಿ ಕಲಿಯೋಣ, ಕದ್ದು ಹಂಚುವುದು ಬೇಡ.

ಹುಡುಕಬೇಕೆನ್ನುವ ಸ್ನೇಹಿತರಿಗೆ ನಾನು ಕಲಿತದ್ದು ಇಷ್ಟು. ಮೊದಲು ಆಟದ ಫೋಲ್ಡರಿನ ಪ್ರತಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಆಮೇಲೆ ಮೂಟೆಯ ಮೊದಲ ನಾಲ್ಕು ಅಕ್ಷರ ನೋಡಿ, ಅದು ಯಾವ ಜಾತಿಯದು ಎಂದು ಹೆಚ್ಚಿನ ಸಲ ಅಲ್ಲೇ ತಿಳಿಯುತ್ತದೆ. ‘ಪಿಕೆ’ ಎಂದಿದ್ದರೆ 7-ಜಿಪ್‌ನಂಥ ಉಚಿತ ಸಾಧನದಲ್ಲೇ ತೆರೆಯುತ್ತದೆ. ನಂತರ ಸೂಚಿ ಎಲ್ಲಿದೆ ಎಂದು ಹುಡುಕಿ: ಮುಂದೆಯೋ, ಕೊನೆಯಲ್ಲೋ, ಪಕ್ಕದ ಫೈಲಿನಲ್ಲೋ. ಸೂಚಿಯಲ್ಲಿ ಭಾಷೆಯ ಸಂಕ್ಷೇಪ ಹುಡುಕಿ, ಕನ್ನಡಕ್ಕೆ ‘ಕೆಎನ್’, ಉರ್ದುವಿಗೆ ‘ಯುಆರ್’. ಸೂಚಿ ಸಿಗದಿದ್ದರೆ ಮಾತ್ರ ಬೈಟ್ ಹುಡುಕುವ ಕಷ್ಟದ ದಾರಿ. ನನ್ನ ಹಾಗೆ ಮೊದಲೇ ಮೂಟೆ ಬಿಚ್ಚುತ್ತಾ ಕೂರಬೇಡಿ.

ಕಂಪನಿಗಳಿಗೆ ಹೇಳುವ ಮುಂಚೆ ನಮ್ಮನ್ನೂ ನೋಡಿಕೊಳ್ಳಬೇಕು. ನಮ್ಮ ತರಗತಿಯ ಗುಂಪಿನಲ್ಲಿ ಹಂಚಿಕೊಳ್ಳುವ ನೋಟ್ಸ್‌ಗಳ ಹೆಸರು ಏನು? ‘ಸ್ಕ್ಯಾನ್ 1’, ‘ಫೈನಲ್’, ‘ಫೈನಲ್ ಹೊಸದು’, ‘ಡಾಕ್ಯುಮೆಂಟ್ 17’. ಪರೀಕ್ಷೆಯ ಹಿಂದಿನ ರಾತ್ರಿ ಪಾಲುದಾರಿಕೆ ಅಧ್ಯಾಯದ ಲೆಕ್ಕ ಬೇಕೆಂದರೆ ಒಂದೊಂದೇ ಡೌನ್‌ಲೋಡ್ ಮಾಡಿ ತೆರೆಯಬೇಕು. ಅದೂ 40 ಅಕ್ಷರದ ಹೆಸರಿಗಿಂತ ಹೆಚ್ಚೇನೂ ಒಳ್ಳೆಯದಲ್ಲ, ಅದಕ್ಕಾದರೂ ಪಕ್ಕದಲ್ಲಿ ಇಂಡೆಕ್ಸ್ ಇತ್ತು. ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ನೋಟ್ಸ್‌ಗಳಿಗೆ ಒಂದು ಹಾಳೆಯ ಸೂಚಿ ಮಾಡೋಣ ಎಂಬುದು ನನ್ನ ಸಲಹೆ. ವಿಷಯ, ಅಧ್ಯಾಯ, ವರ್ಷ, ಫೈಲಿನ ಹೆಸರು, ಈ ನಾಲ್ಕೇ ಕಾಲಂ ಸಾಕು. ಕಾಮರ್ಸ್ ವಿಭಾಗದಿಂದ ನಾನು ಶುರು ಮಾಡುತ್ತೇನೆ. ವಿಜ್ಞಾನ ಮತ್ತು ಕಲಾ ವಿಭಾಗದಿಂದ ಒಬ್ಬೊಬ್ಬರು ಮುಂದೆ ಬಂದರೆ ಒಂದು ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕುಳಿತು ಮುಗಿಸಬಹುದು. ಅಧ್ಯಾಪಕರು ಅನುಮತಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮನ ನೋಟ್‌ಬುಕ್ಕಿನಲ್ಲಿ ಈಗ ಹನ್ನೊಂದು ಪುಟ ಪದಗಳಾಗಿವೆ. ಎಡಗಡೆ ಕನ್ನಡ, ಬಲಗಡೆ ಅವನದೇ ಉರ್ದು ಅರ್ಥ. ಕೆಲವು ಪದಗಳ ಮುಂದೆ ಚಿಕ್ಕ ಪ್ರಶ್ನೆಚಿಹ್ನೆ ಹಾಕಿದ್ದಾನೆ, ಅವು ಅವನಿಗೆ ಇಷ್ಟವಾಗಿಲ್ಲ, ಬೇರೆ ಪದ ಸೂಚಿಸಬೇಕಂತೆ. ಕನ್ನಡ ಮಿಸ್ ಹತ್ತಿರ ಕೇಳಿಕೊಂಡು ಬಾ, ಆಮೇಲೆ ಕಳಿಸೋಣ ಎಂದಿದ್ದೇನೆ. ಮೊನ್ನೆ ಆರ್.ಟಿ. ನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದುರಿನ ಅಂಗಡಿಯ ಬೋರ್ಡನ್ನು ನಾನು ಕೇಳದೇ ಜೋರಾಗಿ ಓದಿದ. ಒಂದು ಒತ್ತಕ್ಷರ ತಪ್ಪಿತು. ತಿದ್ದಿದೆ. ಮತ್ತೆ ಓದಿದ.